ಗಾಳಿಯ ಮನೆಗೆ ತಕ್ಕ ಕುಂಡದ ಗಿಡಗಳು

ಮನೆಯ ಮುಂದೆ ನಾಲ್ಕು ಹೂಗಿಡಗಳಿರಬೇಕೆಂಬ ಆಸೆ ಯಾವ ಗೃಹಿಣಿಗೆ ತಾನೆ ಇಲ್ಲ? ಆದರೆ ಚಿತ್ರದುರ್ಗ, ಗದಗ ಮೊದಲಾದ ಬಯಲುಸೀಮೆಯ ಊರುಗಳಲ್ಲಿ, ಅದರಲ್ಲಿಯೂ ದಿಣ್ಣೆಯ ಮೇಲೆ ಒಂಟಿಯಾಗಿ ನಿಂತ ಮನೆಗಳಲ್ಲಿ, ಈ ಆಸೆಗೆ ಗಾಳಿಯೇ ಮೊದಲ ವಿಘ್ನವು. ಆಷಾಢ ಬಂದಿತೆಂದರೆ ನೈರುತ್ಯದ ಗಾಳಿ ಹಗಲಿರುಳೆನ್ನದೆ ಬೀಸತೊಡಗುವುದು. ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆಯೂ ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿಯೂ ಈಗ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಆ ಗಾಳಿಯ ಬಲಕ್ಕೆ ಸಾಕ್ಷಿ. ಒಂದು ಗೇಣು ಅಗೆದರೆ ಕಲ್ಲು ಸಿಕ್ಕುವ ಹಿತ್ತಲುಗಳಲ್ಲಿ ಕುಂಡವಲ್ಲದೆ ಬೇರೆ ದಾರಿಯೂ ಇಲ್ಲ.

ಗಾಳಿಯು ಕೊಂಬೆಯನ್ನು ಮುರಿಯುವುದೆಂದು ಎಲ್ಲರೂ ಬಲ್ಲರು. ಅದಕ್ಕಿಂತ ದೊಡ್ಡ ಕೇಡು ಕಣ್ಣಿಗೆ ಕಾಣುವುದಿಲ್ಲ. ಎಲೆಯು ತನ್ನ ಸೂಕ್ಷ್ಮ ರಂಧ್ರಗಳಿಂದ ಸದಾ ನೀರಾವಿಯನ್ನು ಬಿಡುತ್ತಿರುತ್ತದೆ. ಆ ತೇವದ ತೆಳುವಾದ ಪದರವೊಂದು ಎಲೆಗೆ ಅಂಟಿಕೊಂಡು ಅದನ್ನು ಒಣಗದಂತೆ ಕಾಯುತ್ತಿರುತ್ತದೆ. ಗಾಳಿ ಬೀಸಿದಾಗಲೆಲ್ಲ ಆ ಪದರವು ಹಾರಿಹೋಗುವುದು, ಎಲೆಯು ಮತ್ತೆ ನೀರನ್ನು ವೆಚ್ಚಮಾಡುವುದು. ನೆಲದ ಗಿಡವಾದರೆ ಬೇರನ್ನು ಆಳಕ್ಕೆ ಇಳಿಸೀತು. ಕುಂಡದ ಗಿಡ ಎಲ್ಲಿಗೆ ಹೋದೀತು? ಇನ್ನೊಂದು ಮೋಸವುಂಟು. ಪಶ್ಚಿಮಘಟ್ಟದಲ್ಲಿ ಮಳೆ ಸುರಿಸಿ ಬಂದ ಗಾಳಿ ನಮ್ಮ ಸೀಮೆಗೆ ಮೋಡವನ್ನೂ ತುಂತುರನ್ನೂ ಮಾತ್ರ ತರುತ್ತದೆ. ಆ ತುಂತುರು ಎಲೆಯನ್ನು ನೆನೆಸುವುದೇ ಹೊರತು ಕುಂಡದ ಬುಡಕ್ಕೆ ಇಳಿಯುವುದಿಲ್ಲ. ಮಳೆಗಾಲವಲ್ಲವೆ ಎಂದು ಮನೆಯವರು ತಂಬಿಗೆಯನ್ನು ಮೂಲೆಗೆ ಇಡುವರು. ವೈಶಾಖದ ಬಿಸಿಲಿನಲ್ಲಿ ಬದುಕಿದ ಗಿಡ ಆಷಾಢದ ಮೋಡದ ಕೆಳಗೆ ಬಾಯಾರಿ ಸಾಯುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡತಕ್ಕದ್ದು. ಒಣಗಿದ್ದರೆ ಆಕಾಶದಲ್ಲಿ ಎಷ್ಟೇ ಮೋಡವಿರಲಿ, ನೀರು ಹಾಕಬೇಕು.

ಆದುದರಿಂದ ಗಾಳಿಯ ಮನೆಯವರು ಗಿಡವನ್ನು ಕೊಳ್ಳುವಾಗ ಹೂವನ್ನು ನೋಡುವುದಕ್ಕೆ ಮೊದಲು ಎಲೆಯನ್ನು ನೋಡಬೇಕು. ಸಣ್ಣದು, ಕಿರಿದು, ದಪ್ಪವಾದುದು, ಮೆರುಗು ಅಥವಾ ಅಂಟು ಲೇಪವುಳ್ಳದ್ದು: ಇಂತಹ ಎಲೆಯ ಗಿಡ ತಾಳುವುದು. ಅಗಲವಾದ ಮೆತ್ತನೆಯ ಎಲೆಯದು ಹರಿಯುವುದು.

ಈ ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನ ಕಣಗಿಲೆಗೆ ಸಲ್ಲತಕ್ಕದ್ದು. ಇದರ ಎಲೆ ಭರ್ಜಿಯ ಅಲಗಿನಂತೆ ನೀಳವಾಗಿ ಗಟ್ಟಿಯಾಗಿರುವುದು. ಉಸಿರಾಡುವ ರಂಧ್ರಗಳೋ ಎಲೆಯ ಅಡಿಭಾಗದ ಸಣ್ಣ ಕುಳಿಗಳೊಳಗೆ, ನವಿರಾದ ರೋಮಗಳ ಮರೆಯಲ್ಲಿ ಅಡಗಿರುವುವು. ಗಾಳಿ ನೇರವಾಗಿ ಅಲ್ಲಿಗೆ ನುಗ್ಗಲಾರದು. ಹೂ ಕೆಂಪು, ಬಿಳಿ, ಗುಲಾಬಿ, ಪೂಜೆಗೂ ಒದಗುವುದು. ಆದರೆ ಸಂಸ್ಕೃತದಲ್ಲಿ ಕರವೀರವೆನಿಸುವ ಈ ಗಿಡಕ್ಕೆ ಅಮರಕೋಶವು ಹಯಮಾರಕವೆಂಬ ಹೆಸರನ್ನೂ ಹೇಳಿದೆ; ಕುದುರೆಯನ್ನು ಕೊಲ್ಲುವುದೆಂದು ಅರ್ಥ. ಇದು ಕವಿಯ ಅತಿಶಯೋಕ್ತಿಯಲ್ಲ. ಎಲೆ, ಹೂ, ತೊಗಟೆ, ಬೇರು ಎಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷವೇ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಕೂಸಾಗಲಿ, ಕಟ್ಟು ಬಿಚ್ಚಿಕೊಂಡು ತಿರುಗುವ ಕರುವಾಗಲಿ ಇರುವ ಮನೆಯಲ್ಲಿ ಇದನ್ನು ಇಡಲೇಕೂಡದು. ಇಟ್ಟವರು ಸವರಿದ ಕೊಂಬೆಗಳನ್ನು ದನದ ಹುಲ್ಲಿಗೆ ಸೇರಿಸಬಾರದು, ಒಲೆಗೂ ಹಾಕಬಾರದು. ಅದರ ಹೊಗೆಯೂ ಕೆಟ್ಟದ್ದು.

ಮಕ್ಕಳ ಮನೆಗೆ ದಾಳಿಂಬೆ ನಿರಪಾಯವಾದುದು. ಎಲೆ ಸಣ್ಣದು, ಕಾಂಡ ಬಾಗಿದರೂ ಮುರಿಯದು, ಹೂವಿನ ಕೆಂಪಿಗೆ ಸಾಟಿಯಿಲ್ಲ. ಕುಂಡಕ್ಕೆಂದೇ ಗಿಡ್ಡ ಜಾತಿಯೂ ಸಿಕ್ಕುವುದು. ಮದರಂಗಿಯೂ ಒಳ್ಳೆಯದೇ. ಇದನ್ನು ಉತ್ತರದ ಜಿಲ್ಲೆಗಳಲ್ಲಿ ಗೋರಂಟಿ ಎನ್ನುವರು. ಬೇರೆ ಕಡೆ ಗೋರಂಟೆಯೆಂದರೆ ಮುಡಿಯುವ ಹೂವಿನ ಇನ್ನೊಂದು ಗಿಡ. ಹೆಸರು ಹೇಳಿ ತರಿಸುವವರು ಎಲೆಯನ್ನು ಜಜ್ಜಿ ಬಣ್ಣ ನೋಡಿಯೇ ಕೊಳ್ಳಲಿ. ಕಾಗದದ ಹೂವಿನ ಬಳ್ಳಿಯನ್ನು 1760ರ ದಶಕದಲ್ಲಿ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನೊಡನೆ ಹೋದ ಸಸ್ಯಶಾಸ್ತ್ರಜ್ಞನು ಬ್ರೆಜಿಲಿನಲ್ಲಿ ಕಂಡನು. ಬೇರು ಇಕ್ಕಟ್ಟಾಗಿ ನೀರು ಮಿತವಾದರೆ ಅದು ಹೆಚ್ಚು ಹೂಬಿಡುವುದು. ಆದರೆ ಉದ್ದಕ್ಕೆ ಬೆಳೆಯಗೊಟ್ಟರೆ ಹಾಯಿಯಂತೆ ಗಾಳಿಯನ್ನು ಹಿಡಿದು ಕುಂಡವನ್ನೇ ಉರುಳಿಸುವುದು. ಆಷಾಢಕ್ಕೆ ಮೊದಲೇ ಮೊಣಕಾಲೆತ್ತರಕ್ಕೆ ಸವರಿಬಿಡಬೇಕು. ಗುಡ್ಡದ ಕುರುಚಲಿನಲ್ಲಿ ತಾನಾಗಿ ಬೆಳೆಯುವ, ಅಂಟೆಲೆಯ ಬಂದರಿಕೆಯನ್ನು ಹೂವಿಲ್ಲವೆಂದು ಯಾರೂ ಮನೆಗೆ ತರುವುದಿಲ್ಲ. ನನ್ನ ಮತದಲ್ಲಿ ಅದನ್ನು ಗಾಳಿ ಬರುವ ದಿಕ್ಕಿಗೆ ಸಾಲಾಗಿಟ್ಟರೆ ಉಳಿದವಕ್ಕೆ ಕಾವಲಾಗುವುದು. ದಾಸವಾಳವನ್ನು ಬಿಡಲಾರೆವೆನ್ನುವವರು ಅದನ್ನು ಈ ಸಾಲಿನ ಹಿಂದೆ ಇಡಲಿ.

ಮರೆಗೆ ಕಲ್ಲಿನ ಗೋಡೆಯೇ ಲೇಸೆಂದು ತೋರೀತು. ಹಾಗಲ್ಲ. ಗಾಳಿ ಗೋಡೆಯನ್ನು ಹಾರಿ ಆಚೆಗೆ ಸುಳಿಯಾಗಿ ಬೀಳುವುದು. ಅರ್ಧಕ್ಕರ್ಧ ಸಂದುಳ್ಳ ಬಿದಿರಿನ ತಟ್ಟಿಯಾಗಲಿ ಗಿಡಗಳ ಸಾಲಾಗಲಿ ಗಾಳಿಯನ್ನು ಸೋಸಿ ಮೆಲ್ಲಗೆ ಬಿಡುವುದು. ಕುಂಡವು ಬಾಯಿಯಷ್ಟೇ ಬುಡವೂ ಅಗಲವಾದ ಮಣ್ಣಿನದಾಗಿರಲಿ. ಹಗುರವಾದ ಪ್ಲಾಸ್ಟಿಕ್ಕಿನದು ಇಲ್ಲಿಗೆ ಸಲ್ಲದು. ತಾರಸಿಯ ಕೈಪಿಡಿಗೋಡೆಯ ಮೇಲಂತೂ ಯಾವುದನ್ನೂ ಇಡಬಾರದು, ಕೆಳಗೆ ದಾರಿಹೋಕರ ತಲೆಗಳಿರುವುವು.

ಎಳೆಯ ಗಿಡವನ್ನು ಕೋಲಿಗೆ ಬಿಗಿದು ಕಟ್ಟುವ ರೂಢಿಯೂ ಸರಿಯಲ್ಲ. ಅಲುಗಾಟಕ್ಕೆ ಒಳಗಾದ ಸಸಿ ಗಿಡ್ಡವಾಗಿ ದಪ್ಪನಾಗಿ ಬಲಿಯುವುದು. ಈ ಗುಣಕ್ಕೆ 1973ರಲ್ಲಿ ಅಮೆರಿಕದ ಜಾಫೆ ಎಂಬ ವಿದ್ವಾಂಸನು ಶಾಸ್ತ್ರೀಯವಾದ ಹೆಸರನ್ನೂ ಕೊಟ್ಟನು. ಕೋಲು ಬೇಕೇಬೇಕಾದರೆ ದಾರವನ್ನು ಸಡಿಲವಾಗಿ ಸುತ್ತಿ, ಬೇರು ಹಿಡಿದೊಡನೆ ಬಿಚ್ಚಬೇಕು. ಸಸಿತೋಟದಲ್ಲಿಯೂ ನೆರಳಿನಲ್ಲಿ ನೀಳವಾಗಿ ಬೆಳೆದು ಹೂ ತುಂಬಿ ನಿಂತದ್ದನ್ನು ಬಿಟ್ಟು, ಮೂಲೆಯ ಬಿಸಿಲಿನಲ್ಲಿ ಕುಳ್ಳಗೆ ಕವಲೊಡೆದು ನಿಂತದ್ದನ್ನೇ ಕೇಳಿ ತರತಕ್ಕದ್ದು. ಮಾಲಿಯು ಅದನ್ನು ಎರಡು ರೂಪಾಯಿ ಕಡಮೆಗೇ ಕೊಟ್ಟಾನು.