ಲಿಂಬೆ ಗಿಡದ ಪಾತರಗಿತ್ತಿ

ಹಿತ್ತಲ ಲಿಂಬೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆಯೆಂದು ಒರೆಸಲು ಹೋದರೆ, ಆ ಹಿಕ್ಕೆಯೇ ನಡೆಯಬೇಕೆ! ಅದು ಲಿಂಬೆ ಪಾತರಗಿತ್ತಿಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಚಾಚಿ ಗಬ್ಬು ವಾಸನೆ ಬಿಡುತ್ತದೆ.

"ತೆಗೆದು ಒಗಿಯವ್ವಾ, ಗಿಡಾ ಬೋಳು ಮಾಡ್ತದ" ಅಂದರು ನಮ್ಮತ್ತೆ. ಸುಳ್ಳಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ; ಅದನ್ನೇ ನಂಬಿದ ರೈತನಿಗೆ ಎಳೆ ಸಸಿ ಮೇಯುವ ಈ ಹುಳು ವೈರಿಯೇ. ಆದರೂ ಮನೆಯ ದೊಡ್ಡ ಗಿಡದಲ್ಲಿ ಎರಡು ಉಳಿದರೆ ಏನು ಮಹಾ? ಉಳಿಸಿದೆ. ದಿನವೂ ಮೊಬೈಲಿನಲ್ಲಿ ಫೋಟೋ ತೆಗೆದೆ. ಟೊಂಗೆಗೆ ನೂಲಿನ ಡಾಬು ಕಟ್ಟಿಕೊಂಡು ಕೂತ ಗೂಡು ಒಂದು ಮುಂಜಾನೆ ಒಡೆಯಿತು. ಕಪ್ಪು ರೆಕ್ಕೆ, ಹಳದಿ ಚುಕ್ಕಿ, ಕೆಳಗೆರಡು ಕೆಂಪು ಬೊಟ್ಟು. ಅತ್ತೆಯೇ ಕನ್ನಡಕ ಹುಡುಕಿಕೊಂಡು ಬಂದರು!

ನೀವೂ ತೆಗೆಯಿರಿ. ಬಿಸಿಲೇರುವ ಮುನ್ನ ಹೋದರೆ ಮೈ ಕಾಯದ ಹುಳುಗಳು ಬೇಗ ಹಾರಲಾರವು. ನಿಮ್ಮ ನೆರಳು ಬೀಳಿಸದೆ, ಕುಕ್ಕರಗಾಲಲ್ಲಿ ಕೂತು, ಅವುಗಳ ಕಣ್ಣಿನ ಮಟ್ಟದಿಂದ ನೋಡಿ.

ಸಿಂದಗಿ, ಮುದ್ದೇಬಿಹಾಳದ ದಾರಿಬದಿಯ ಎಕ್ಕೆ ಗಿಡಗಳಲ್ಲಿ ನೀಲಿ-ಹಳದಿ ಮಿಡತೆಯನ್ನು ಹುಡುಕಿ. ಬಸವನ ಬಾಗೇವಾಡಿಯ ಕಡೆ ತೊಗರಿ ಹೂ ಬಿಟ್ಟಾಗ ಕಪ್ಪು-ಕಿತ್ತಳೆ ಪಟ್ಟಿಯ ದುಂಬಿಯನ್ನು ನೋಡಿ. ಹೂವನ್ನೇ ತಿನ್ನುವ ಕಳ್ಳ ಅದು. ಚೆಂದವಿದೆಯೆಂದು ಮಕ್ಕಳಿಗೆ ಮಾತ್ರ ಹಿಡಿಯಗೊಡಬೇಡಿ. ಅದರ ಮೈರಸ ತಾಗಿದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತವೆ. ತಾಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗಾದರೆ ನೀರಿನಿಂದ ಚೆನ್ನಾಗಿ ತೊಳೆದು, ತಡಮಾಡದೆ ಡಾಕ್ಟರರಲ್ಲಿಗೆ ಕರೆದೊಯ್ಯಿರಿ.