ನಾಯಿಮರಿಯ ಮೊದಲ ಹನ್ನೆರಡು ವಾರಗಳು

'ನಾಯಿಯ ಬಾಲ ಡೊಂಕು' ಎಂಬ ಗಾದೆಯನ್ನು ನಾವು ಕಂಡಕಂಡಲ್ಲಿ ಪ್ರಯೋಗಿಸುತ್ತೇವೆ. ಮೂರನೆಯ ಸಲ ನಪಾಸಾದ ಗೆಳೆಯನಿಗೂ ಅದು ತಪ್ಪಿದ್ದಲ್ಲ. ಬಾಲದ ಮಾತು ನಿಜವಿರಲಿ. ಆದರೆ ನಾಯಿಯ ಸ್ವಭಾವವೆಲ್ಲ ಹುಟ್ಟಿನೊಡನೆಯೇ ಬಂದುದೆಂದು ನಂಬುವುದು ಸರಿಯಲ್ಲ. ಅದರ ಬಹುಭಾಗವು ಮೂರನೆಯ ವಾರದಿಂದ ಹನ್ನೆರಡನೆಯ ವಾರದೊಳಗಿನ ಅಲ್ಪಕಾಲದಲ್ಲಿ ರೂಪುಗೊಳ್ಳುತ್ತದೆ. ನಾವು ಮರಿಯನ್ನು ಮೂಲೆಗೆ ಕಟ್ಟಿಹಾಕುವುದೂ ಸರಿಯಾಗಿ ಅದೇ ಕಾಲದಲ್ಲಿ.

ನನ್ನ ಊರು ಅತ್ತಿವೇರಿ. ಮುಂಡಗೋಡದಿಂದ ಸುಮಾರು ೧೫ ಕಿಲೋಮೀಟರು ದೂರ. ಜಲಾಶಯ, ಅದರ ಸುತ್ತ ೨.೨೩ ಚದರ ಕಿಲೋಮೀಟರಿನ ಪಕ್ಷಿಧಾಮ. ಚಮಚದ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿ, ನೀರುಕಾಗೆಗಳನ್ನು ನೋಡಲು ಹುಬ್ಬಳ್ಳಿ ಧಾರವಾಡಗಳಿಂದ ಜನ ಬರುತ್ತಾರೆ. ಇಂಥ ಊರಿನಲ್ಲಿ ನಾಯಿಯ ನಡತೆ ಮನೆಯವರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಟಿಟ್ಟಿಭವು ಬಯಲ ನೆಲದಲ್ಲಿಯೇ, ಕಲ್ಲುಗಳ ನಡುವೆ, ಮೊಟ್ಟೆಯಿಡುತ್ತದೆ. ಒಂದು ತುಂಟ ನಾಯಿಗೆ ಅದರ ರುಚಿ ಹತ್ತಿದರೆ ದಂಡೆಯ ಗೂಡುಗಳಿಗೆ ಉಳಿಗಾಲವಿಲ್ಲ. ಶಾಲೆಗೆ ಹೋಗುವ ಮಕ್ಕಳ ಮಾತಂತೂ ಹೇಳುವುದೇ ಬೇಡ.

ನಮ್ಮ ಮನೆಗೆ ಮರಿ ತಂದಾಗ ನೆರೆಯ ಹಿರಿಯರೊಬ್ಬರು, "ಯಾರಿಗೂ ಮುಟ್ಟಗೊಡಬ್ಯಾಡ್ರಿ, ಕಟ್ಟಿ ಹಾಕ್ರಿ, ಅಂದ್ರ ಜೋರ ಆಕ್ಕೈತಿ" ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಹಾಗೆ ಬೆಳೆದ ನಾಯಿ ಜೋರಾಗಿಯೇ ಕಾಣುತ್ತದೆ. ಆದರೆ ಅದು ಶೌರ್ಯವಲ್ಲ, ಹೆದರಿಕೆ. ಕಳ್ಳನನ್ನೂ ಅಂಚೆಯವನನ್ನೂ ಅದು ಒಂದೇ ಬಗೆಯಾಗಿ ನೋಡುತ್ತದೆ. ಏಕೆಂದರೆ ಹೊಸ ಮನುಷ್ಯನೆಂದರೇನೆಂಬುದನ್ನು ಕಲಿಯಬೇಕಾದ ದಿನಗಳಲ್ಲಿ ಅದು ಕಂಡುದು ಕಂಬವನ್ನು ಮಾತ್ರ.

ಇದನ್ನು ಪರೀಕ್ಷೆ ಮಾಡಿ ನೋಡಿದವರುಂಟು. ಅಮೆರಿಕದ ಬಾರ್ ಹಾರ್ಬರಿನ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ ಕೆಲವು ಮರಿಗಳನ್ನು ತಾಯಿಯೊಡನೆ ಎತ್ತರದ ಬೇಲಿಯ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದರು. ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಒಂದೊಂದು ವಾರ ಮಾತ್ರ ಒಳಗೆ ತಂದು ಆಡಿಸಿ, ಮತ್ತೆ ಬಯಲಿಗೆ ಬಿಟ್ಟರು. ಉಳಿದವು ಹದಿನಾಲ್ಕು ವಾರಗಳವರೆಗೆ ಮನುಷ್ಯರೊಡನೆ ಬೆರೆಯಲೇ ಇಲ್ಲ. ಆ ಕೊನೆಯವು ಕಾಡುಪ್ರಾಣಿಗಳಂತಾದವು. ಆಮೇಲೆ ಎಷ್ಟು ಉಪಚರಿಸಿದರೂ ಹತ್ತಿರ ಸುಳಿಯಲೊಲ್ಲವು. ನಡುವಿನ ವಾರಗಳಲ್ಲಿ ಬಂದ ಮರಿಗಳಿಗೆ ಮಾತ್ರ ಮನುಷ್ಯರ ಸಲಿಗೆ ಚೆನ್ನಾಗಿ ಹತ್ತಿತು. ಇದು ಪ್ರಕಟವಾದುದು ೧೯೬೧ರಲ್ಲಿ. ಅಲ್ಲಿಯ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ೧೯೬೫ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು.

ಕುರುಬರಿಗೂ ಗೌಳಿಗಳಿಗೂ ಈ ಸಂಗತಿ ಹೊಸದಾಗಿರಲಾರದು. ೧೮೩೩ರಲ್ಲಿ ಡಾರ್ವಿನ್ನನು ಇಂದಿನ ಉರುಗ್ವೆ ದೇಶದಲ್ಲಿ ಕುರಿಹಿಂಡನ್ನು ಒಂಟಿಯಾಗಿ ಕಾಯುವ ನಾಯಿಗಳನ್ನು ಕಂಡು ಬೆರಗಾಗಿ ವಿಚಾರಿಸಿದನು. ತೀರ ಎಳೆಯ ಮರಿಯನ್ನು ತಾಯಿಯಿಂದ ಅಗಲಿಸಿ, ಕುರಿಯ ಹಾಲು ಕುಡಿಸಿ, ಹಟ್ಟಿಯೊಳಗೆ ಉಣ್ಣೆಯ ಹಾಸಿಗೆಯಲ್ಲಿ ಮಲಗಿಸುತ್ತಿದ್ದರಂತೆ. ದೊಡ್ಡದಾದ ಮೇಲೆ ಅದಕ್ಕೆ ಕುರಿಗಳೇ ಬಂಧುಗಳು. ಎಮ್ಮೆಗಳ ಕಾಲಸಂದಿಯಲ್ಲಿ ಬೆಳೆದ ಗೌಳಿ ದಡ್ಡಿಯ ಮರಿ ಎಮ್ಮೆಯನ್ನು ಅಟ್ಟಿಸಿಕೊಂಡು ಹೋದುದನ್ನು ನಾನಂತೂ ಕಂಡಿಲ್ಲ.

ನಮ್ಮ ಕಾಲೇಜಿನ ನಾಯಿಗಳನ್ನೇ ನೋಡಿರಿ. ಗಂಟೆ ಹೊಡೆದು ನೂರಾರು ಜನ ಒಮ್ಮೆಲೇ ಹೊರನುಗ್ಗಿದರೂ ಮೆಟ್ಟಿಲ ಬದಿಯಲ್ಲಿ ಮಲಗಿದ್ದು ಏಳುವುದಿಲ್ಲ. ಅದು ಸೋಮಾರಿತನವೆಂದು ಕೆಲವರ ಅಭಿಪ್ರಾಯ. ಅವು ಹುಟ್ಟಿದ್ದೇ ಸೈಕಲ್ ಸ್ಟ್ಯಾಂಡಿನ ಹಿಂದೆ. ನಮ್ಮ ಗದ್ದಲ ಅವುಗಳಿಗೆ ಜೋಗುಳ.

ಇನ್ನು ಮಾಡಬೇಕಾದುದರ ವಿಚಾರ. ಮೊದಲನೆಯದಾಗಿ, ಮರಿಯನ್ನು ತಾಯಿಯಿಂದ ಬೇಗ ಅಗಲಿಸಬಾರದು. ನಾಲ್ಕು ವಾರಕ್ಕೇ ಚೀಲದಲ್ಲಿ ಹಾಕಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಎಂಟು ವಾರ ತುಂಬುವವರೆಗೆ ಅದು ಒಡಹುಟ್ಟಿದವುಗಳೊಡನೆ ಕಚ್ಚಾಡಬೇಕು. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹೀಗೆ ಹಲ್ಲಿನ ಅಳತೆ ತಿಳಿಯುತ್ತದೆ. ನಾವೆಷ್ಟು ಬೈದರೂ ಈ ಪಾಠವನ್ನು ಅಷ್ಟು ಚೆನ್ನಾಗಿ ಹೇಳಿಕೊಡಲಾರೆವು.

ಮನೆಗೆ ಬಂದ ಮೇಲೆ ಒಂದು ಧರ್ಮಸಂಕಟ ಎದುರಾಗುತ್ತದೆ. ಲೋಕ ತೋರಿಸಬೇಕಾದ ಕಾಲ ಹನ್ನೆರಡು ವಾರಕ್ಕೆ ಮುಗಿಯುತ್ತ ಬರುತ್ತದೆ. ಪಾರ್ವೊ ರೋಗದ ಲಸಿಕೆಗಳ ಸರಣಿ ಆರೆಂಟು ವಾರಕ್ಕೆ ಆರಂಭವಾದರೂ ಪೂರ್ತಿಯಾಗುವುದು ಹದಿನಾರು ವಾರದ ಸುಮಾರಿಗೆ. ೧೯೭೮ರ ಸುಮಾರಿಗೆ ಜಗತ್ತಿನಲ್ಲಿ ಕಾಣಿಸಿಕೊಂಡ ಈ ರೋಗ ವಾಂತಿ, ರಕ್ತಭೇದಿಗಳಿಂದ ಮರಿಯನ್ನು ಎರಡು ಮೂರು ದಿನಗಳಲ್ಲಿ ಒಯ್ಯಬಲ್ಲುದು. ಅದರ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗೆಂದು ಹದಿನಾರು ವಾರ ಕೋಣೆಯಲ್ಲಿ ಕೂಡಿಹಾಕಿದರೆ ಜೀವ ಉಳಿದೀತು, ಸ್ವಭಾವ ಕೆಟ್ಟೀತು. ಇದಕ್ಕೆ ಉಪಾಯ ಬಲು ಸರಳ: ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗುವುದು.

ನಾನು ಬುಟ್ಟಿಯಲ್ಲಿ ಗೋಣಿತಟ್ಟು ಹಾಸಿ ನಮ್ಮ ಮರಿಯನ್ನು ಸಂತೆಗೆ ಒಯ್ದೆ. ಜನ ನಕ್ಕರು, ನಗಲಿ. ಛತ್ರಿ ಬಿಚ್ಚುವವರು, ಕಂಬಳಿ ಹೊದ್ದವರು, ಕೋಲೂರುವ ಮುದುಕರು, ಟ್ರ್ಯಾಕ್ಟರು, ಬ್ಯಾಂಡು, ಎಲ್ಲವನ್ನೂ ಅದು ಬುಟ್ಟಿಯ ಅಂಚಿಗೆ ಮೂತಿಯಿಟ್ಟು ನೋಡಿತು. ೧೯೬೬ರಲ್ಲಿ ಸ್ಥಾಪನೆಯಾದ ಟಿಬೆಟನ್ ಕಾಲನಿ ಮುಂಡಗೋಡದ ಬಳಿಯೇ ಇರುವುದರಿಂದ ಕೆಂಪು ನಿಲುವಂಗಿಯ ಲಾಮಾಗಳ ಪರಿಚಯವೂ ಆಯಿತು. ಒಮ್ಮೆಗೆ ಹತ್ತು ನಿಮಿಷ ಸಾಕು. ಮರಿ ಬಾಲ ಮುದುರಿದರೆ, ಕಿವಿ ಹಿಂದೆ ಸರಿದರೆ, ಅಲ್ಲಿಂದ ದೂರ ಒಯ್ಯಬೇಕು. ಬಲವಂತದಿಂದ ಹತ್ತಿರ ಹಿಡಿದರೆ ಕಲಿಯುವುದು ಭಯವನ್ನೇ.

ಹಕ್ಕಿಗಳ ಪಾಠ ಇದಕ್ಕಿಂತ ನಿಧಾನದ್ದು. ದಂಡೆಯಿಂದ ಬಹಳ ದೂರ, ಊರ ಕಡೆಯ ಗದ್ದೆಯಲ್ಲಿ ಹಗ್ಗ ಹಿಡಿದು ಕೂಡುತ್ತಿದ್ದೆ. ಬೆಳ್ಳಕ್ಕಿ ಹಾರಿದಾಗ ಮರಿ ನನ್ನ ಕಡೆ ತಿರುಗಿದರೆ ಆ ಕ್ಷಣಕ್ಕೇ ಒಂದು ತುಣುಕು ರೊಟ್ಟಿ. ನಾಲ್ಕು ಕ್ಷಣ ತಡವಾದರೂ ಅದಕ್ಕೆ ಯಾವ ಕೆಲಸದ ಕೂಲಿಯೆಂದು ತಿಳಿಯದು. ಇಷ್ಟಾದರೂ ಬೆನ್ನಟ್ಟುವ ಹುಟ್ಟುಗುಣ ಅಳಿಯುವುದಿಲ್ಲ. ಕಣ್ಣಿನಿಂದಲೇ ಬೇಟೆ ಹುಡುಕುವ ಮುಧೋಳದ ತಳಿಯಲ್ಲಂತೂ ಅದು ರಕ್ತಗತ. ಆದುದರಿಂದ ಪಕ್ಷಿಧಾಮದ ಗಡಿಯೊಳಗೆ ಕಲಿತ ನಾಯಿಯನ್ನೂ ಬಿಡತಕ್ಕದ್ದಲ್ಲ.

ಮಲಮೂತ್ರದ ಶಿಸ್ತು ಸುಲಭ. ನಿದ್ದೆಯಿಂದ ಎದ್ದೊಡನೆ, ಉಂಡ ಮೇಲೆ, ಆಡಿದ ಮೇಲೆ ಹಿತ್ತಿಲ ಒಂದೇ ಜಾಗಕ್ಕೆ ಒಯ್ದರೆ ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ. ಮನೆಯೊಳಗೆ ಮಾಡಿದ್ದಕ್ಕೆ ಮೂತಿ ತಿಕ್ಕುವುದರಿಂದ ಪ್ರಯೋಜನವಿಲ್ಲ. ಅದು ಮುಂದೆ ಕದ್ದು ಮಾಡುತ್ತದೆ, ಅಷ್ಟೇ. 'ಬಾ' ಎಂದು ಕರೆದು ಹೊಡೆಯುವುದನ್ನಂತೂ ಯಾರೂ ಮಾಡಬಾರದು. ಆ ಒಂದು ಅಕ್ಷರ ಕಾಡಿನಂಚಿನ ಊರಿನಲ್ಲಿ ಅದರ ಪ್ರಾಣ ಉಳಿಸುವಂಥದು. ಚಿರತೆಯ ವಾಸನೆ ಹಿಡಿದು ಕತ್ತಲಿಗೆ ನುಗ್ಗಿದ ನಾಯಿಯನ್ನು ಹಿಂದಕ್ಕೆ ಕರೆಯಲು ಬೇರೆ ಉಪಾಯ ನಮ್ಮಲ್ಲಿಲ್ಲ.

ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು. ಮುಂದಿನವುಗಳನ್ನು ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಹಾಕಿಸತಕ್ಕದ್ದು. ಮನುಷ್ಯರಿಗೆ ಈ ರೋಗ ಬರುವುದು ನೂರಕ್ಕೆ ೯೯ರಷ್ಟು ನಾಯಿಗಳಿಂದ, ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆಟದಲ್ಲಿ ಹಲ್ಲು ತಾಗಿ ರಕ್ತ ಬಂದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆದು, ಅರಿಸಿನ, ಸುಣ್ಣ ಏನನ್ನೂ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.