ಗೇರ್‌ಬಾಕ್ಸ್ ಇಳಿಸುವ ಮುಂಚೆ

ಕುವೈತ್‌ನ ಅಹ್ಮದಿ ತೈಲದಿಂದಲೇ ಹುಟ್ಟಿದ ಊರು. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು, 1946ರಲ್ಲಿ ಮೊದಲ ಹಡಗು ತುಂಬಿಕೊಂಡು ಹೊರಟಿತು. ಕುವೈತ್ ಆಯಿಲ್ ಕಂಪನಿ ತನ್ನ ನೌಕರರಿಗೆಂದು ಈ ಪಟ್ಟಣ ಕಟ್ಟಿತು. ಇಂದು ಪೂರ್ವ ಅಹ್ಮದಿಯ ಗ್ಯಾರೇಜುಗಳಿಗೆ ಬರುವವರ ಚಿಂತೆ ಬೇರೊಂದು ಎಣ್ಣೆಯದು: ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಕೆಂಪೆಣ್ಣೆ.

ಕ್ಲಚ್ ತುಳಿಯುವ ಕಾರು ಇಲ್ಲಿ ಅಪರೂಪ. ಮಂಗಳೂರು, ಉಡುಪಿ ಕಡೆಯಿಂದ ದುಡಿಯಲು ಬಂದವರಲ್ಲಿ ಎಷ್ಟೋ ಮಂದಿ ಕೊಳ್ಳುವುದು ಊರಿಗೆ ಮರಳುವವರು ಮಾರಿಹೋಗುವ ಹಳೆಯ ಗಾಡಿ. ಗಾಡಿಯ ನೋಂದಣಿ ಪತ್ರವಾದ ದಫ್ತರ್ ಹೊಸ ಹೆಸರಿಗೆ ಆಗುತ್ತದೆ; ಗೇರ್ ಎಣ್ಣೆ ಕೊನೆಗೆ ಬದಲಾದದ್ದು ಯಾವಾಗ ಎಂದು ಹೇಳುವವರು ಮಾತ್ರ ಇರುವುದಿಲ್ಲ.

ಅದರ ಮೇಲೆ ಬಿಸಿಲು. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಏಸಿಯ ಕಂಡೆನ್ಸರ್ ದಾಟಿ ಬರುವ ಕಾದ ಗಾಳಿಯೇ ರೇಡಿಯೇಟರಿಗೂ ಗತಿ. ಗೇರ್ ಎಣ್ಣೆ ತಣಿಸುವ ಕೂಲರ್ ಎಷ್ಟೋ ಕಾರುಗಳಲ್ಲಿ ಇರುವುದು ಆ ರೇಡಿಯೇಟರಿನ ಒಳಗೇ. ಎಣ್ಣೆ ಅತಿಯಾಗಿ ಕಾದರೆ ಸೀಲುಗಳು ಗಡುಸಾಗಿ ಒತ್ತಡ ಸೋರುತ್ತದೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟು ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಕೂಲರ್ ತೂತಾದರಂತೂ ನೀರು ಸೇರಿ ಎಣ್ಣೆ ರೋಸ್‌ಮಿಲ್ಕ್ ಬಣ್ಣಕ್ಕೆ ತಿರುಗುತ್ತದೆ, ಪ್ಲೇಟಿನ ಲೈನಿಂಗೇ ಕಿತ್ತುಬರುತ್ತದೆ.

ಕೆಲಸ ಬಲ್ಲ ಮೆಕ್ಯಾನಿಕ್ ಜ್ಯಾಕ್ ಹುಡುಕುವ ಮೊದಲು ಡಿಪ್‌ಸ್ಟಿಕ್ ಎಳೆಯುತ್ತಾನೆ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಒರೆಸಿ ಮೂಸುತ್ತಾನೆ. ಕೆಂಪಾಗಿದ್ದರೆ ಆಸೆ ಇದೆ. ಕಪ್ಪಿಟ್ಟು ಸೀದ ವಾಸನೆ ಹೊಡೆದರೆ ಪ್ಲೇಟು ಸುಟ್ಟಿದೆ. ಆಮೇಲೆ ಕೆಳಗಿನ ಪ್ಯಾನ್ ಬಿಚ್ಚಿ ಅದರಲ್ಲಿನ ಅಯಸ್ಕಾಂತ ನೋಡುತ್ತಾನೆ. ಅದಕ್ಕೆ ಮೆತ್ತಿದ್ದು ನುಣ್ಣನೆಯ ಕಪ್ಪು ರಾಡಿಯಾದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರಾದರೆ ಗೇರ್‌ಬಾಕ್ಸ್ ಇಳಿಯಲೇಬೇಕು.

ಖರ್ಚು ನಿಂತಿರುವುದೂ ಈ ತೀರ್ಪಿನ ಮೇಲೆಯೇ. ಎಣ್ಣೆ, ಫಿಲ್ಟರ್ ಬದಲಿಸಿದರೆ ಅಗ್ಗದಲ್ಲಿ ಮುಗಿಯುತ್ತದೆ. ಎಣ್ಣೆಯ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ಕೆಟ್ಟಿದ್ದರೂ ಅನೇಕ ಗಾಡಿಗಳಲ್ಲಿ ಪ್ಯಾನ್ ಕಡೆಯಿಂದಲೇ ಕೈ ಹಾಕಬಹುದು. ಗೇರ್‌ಬಾಕ್ಸ್ ಇಳಿಸಿದರೋ, ಒಳಗೆ ಹೋಗಿರುವುದು ಒಂದು ಸೀಲೇ ಆದರೂ ಇಳಿಸಿ ಏರಿಸುವ ಮಜೂರಿ ತಪ್ಪದು. ಬಿಲ್ಲು ಕಾರಿನ ಬೆಲೆಯನ್ನೇ ಮೀರಿದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಹಲವರು ಗುಜರಿಯಿಂದ ಇಡೀ ಗೇರ್‌ಬಾಕ್ಸ್ ತಂದು ಕೂರಿಸುತ್ತಾರೆ. ಅದೂ ಇದೇ ಬಿಸಿಲಲ್ಲಿ ಓಡಿದ ಮಾಲು ಎಂಬುದು ಬೇರೆ ಮಾತು.

ಹಾಗೆ ಕೂರಿಸುವುದೇ ಆದರೆ, ವಾರಂಟಿ ಎಷ್ಟು ದಿನ ಎನ್ನುವುದಕ್ಕೆ ಮುಂಚೆ ಕೂಲರ್ ತೊಳೆದಿದ್ದೀರಾ ಎಂದು ಕೇಳಿ. ಹಳೆಯದರ ಚೂರುಪಾರು ಅಲ್ಲೇ ಉಳಿದಿದ್ದರೆ ಬಂದದ್ದಕ್ಕೂ ಅದೇ ಗತಿ.